ಹೆಂಚಿನ ಮೇಲಿನ ಕಾಗೆಗಳು

"ಗುರುಗಳೇ, ಧ್ಯಾನಕ್ಕೆ ಕೂತಾಗ ಎದೆ ತುಂಬಿ ಬರುತ್ತದೆ. ಹೊತ್ತೇರುವಷ್ಟರಲ್ಲಿ ಎಲ್ಲ ಆರಿ ತಣ್ಣಗಾಗುತ್ತದೆ. ಇನ್ನೂ ಹೆಚ್ಚು ಹೊತ್ತು ಕೂರಲೇ?" ಎಂದು ಶಿವನಂಜ ಕೇಳಿದ.

ಮನೆಮಾರು ಬಿಟ್ಟು ಮಠ ಸೇರಿದವನು ಅವನು. ಹೀಗೇ ಆದರೆ ಗಂಟು ಕಟ್ಟಿಕೊಂಡು ಊರಿಗೆ ಮರಳುವುದೇ ಸೈ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೇ ಬಂದಿದ್ದ. ಅವನು ಧ್ಯಾನ ಮುಗಿಸಿ ಹೊರಬರುವುದನ್ನೇ ಮಠದ ಜಗಲಿಯಲ್ಲಿ ನಾಲ್ಕು ಜನ ದಿನಾ ಕಾಯುತ್ತಿದ್ದರು. "ಇವತ್ತು ಏನು ಕಾಣಿಸಿತು ಸ್ವಾಮಿ?" ಎಂದು ಅವರು ಕೇಳುವುದು, ಕಂಡ ಬೆಳಕನ್ನು ಇವನು ಬಣ್ಣಿಸುವುದು, ಬಿಸಿಲೇರುವವರೆಗೂ ಅದೇ ನಡೆಯುತ್ತಿತ್ತು. ಪಾಪ, ಅವನಿಗೂ ಅದೊಂದು ಸಂಭ್ರಮ.

ಗುರುಗಳು ಕತೆ ಹೇಳಿದರು.

ಒಬ್ಬ ರೈತ ಮಾಗಿಯ ಚಳಿಯಲ್ಲಿ ರೇಷ್ಮೆಹುಳು ಸಾಕಲು ಹೊರಟ. ಆ ಊರಿನಲ್ಲಿ ಆ ಕಾಲಕ್ಕೆ ಯಾರೂ ಹುಳು ಸಾಕಿದವರಲ್ಲ. ಊರಿಗೆ ಊರೇ ನಕ್ಕಿತು. "ನಿನ್ನ ಹುಳು ಗೂಡು ಕಟ್ಟಿದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ" ಎಂದ ಇದ್ದಿಲು ಮಾರುವ ವರ್ತಕ.

ರೈತನೂ ಹೆಂಡತಿಯೂ ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ತಾವು ಅಡುಗೆಮನೆಯಲ್ಲಿ ಮಲಗಿದರು. ಚಳಿ ಬಲಿಯಿತು. ಹುಳುಗಳು ಸೊಪ್ಪು ಮುಟ್ಟುವುದನ್ನೇ ಬಿಟ್ಟವು. ರೈತ ಒಂದು ಅಗ್ಗಿಷ್ಟಿಕೆ ಇಟ್ಟ. ಸಾಲಲಿಲ್ಲ. ಇನ್ನೊಂದು ಇಟ್ಟ. ಇದ್ದಿಲು ಮುಗಿದ ಹಾಗೆಲ್ಲ ವರ್ತಕ ನಗುನಗುತ್ತಾ ಮೂಟೆ ತಂದು ಇಳಿಸಿದ. ಉರಿಯುವಷ್ಟು ಹೊತ್ತು ಬೆಚ್ಚಗೆ; ಕೆಂಡ ಬೂದಿಯಾದರೆ ಮತ್ತೆ ಅದೇ ಕೊರೆಯುವ ಚಳಿ. ಹೊಗೆಗೆ ಸಿಕ್ಕಿ ಕೆಲವು ಹುಳುಗಳು ಸತ್ತೂ ಹೋದವು.

ಒಂದು ಬೆಳಗ್ಗೆ ರೈತ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುತ್ತಾನೆ, ಊರ ಕಾಗೆಗಳೆಲ್ಲ ಅವನ ಮನೆಯ ಹೆಂಚಿನ ಮೇಲೆಯೇ ಸಾಲಾಗಿ ಕೂತಿವೆ! ಬೇರೆ ಯಾರ ಸೂರಿನ ಮೇಲೂ ಒಂದಿಲ್ಲ. ಅವನು ಹೆಂಡತಿಯನ್ನು ಕೂಗಿದ.

"ಶನಿ ಬಂದು ಕೂತ ಕಣೇ! ಎಳ್ಳುದೀಪ ಹಚ್ಚಬೇಕು."

ಹೆಂಡತಿಯೂ ಬಂದು ನೋಡಿದಳು. ಉಳಿದ ಮನೆಗಳ ಸೂರಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ತಮ್ಮ ಹೆಂಚು ಮಾತ್ರ ಒಣಗಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಶನಿಯೂ ಇಲ್ಲ, ಗಿನಿಯೂ ಇಲ್ಲ. ಊರ ಕಾಗೆಗಳಿಗೆಲ್ಲ ನೀವು ಚಳಿ ಕಾಯಿಸ್ತಿದ್ದೀರಿ! ಇದ್ದಿಲು ನಮ್ಮದು, ಬಿಸಿ ಅವಕ್ಕೆ. ಅಲ್ಲಾ, ಕಂಬಳೀಲಿ ಯಾರಾದ್ರೂ ಕೆಂಡ ಇಟ್ಟು ನೇಯ್ತಾರಾ? ಆದ್ರೂ ಹೊದ್ದರೆ ಬೆಚ್ಚಗಿರಲ್ವಾ? ಈ ಮನೆಗೂ ಒಂದು ಕಂಬಳಿ ಹೊದಿಸಿ."

ಅಂದೇ ಕೆಲಸಕ್ಕೆ ಕೈಹಚ್ಚಿದರು. ಹೆಂಚಿನ ಕೆಳಗೆ ಬಿದಿರ ತಟ್ಟಿ ಕಟ್ಟಿ, ಅದರ ಮೇಲೆ ಒಣಹುಲ್ಲನ್ನು ದಪ್ಪಗೆ ಹರಡಿದರು. ಕಿಡಿ ತಾಗದಂತೆ ತಟ್ಟಿಯ ಅಡಿಗೆ ಮಣ್ಣು ಮೆತ್ತಿದರು. ಗೋಡೆಯ ಬಿರುಕು ಮುಚ್ಚಿ, ಕಿಟಕಿಗೆ ಗೋಣಿ ಇಳಿಬಿಟ್ಟರು. ಹುಳುವೂ ಉಸಿರಾಡಬೇಕಲ್ಲ, ಬಿಸಿಲು ಕಾದ ಹೊತ್ತಿನಲ್ಲಿ ಗೋಣಿ ಎತ್ತುತ್ತಿದ್ದರು. ಹುಲ್ಲಿನ ಎಳೆಗಳ ನಡುವೆ ಸಿಕ್ಕಿದ ಗಾಳಿಗೆ ಓಡಾಡಲು ದಾರಿಯಿಲ್ಲ; ಓಡಾಡದ ಗಾಳಿ ಬಿಸಿಯನ್ನು ಸುಲಭಕ್ಕೆ ಹೊರಗೆ ಸಾಗಿಸದು. ಈಗ ಒಂದೇ ಅಗ್ಗಿಷ್ಟಿಕೆ, ಅದರಲ್ಲೂ ಅರ್ಧ ಕೆಂಡ. ನಡುಮನೆ ಬೆಳಗಿನವರೆಗೂ ಬೆಚ್ಚಗೇ ಇತ್ತು.

ಮರುದಿನ ಹೆಂಚಿನ ಮೇಲೆ ಇಬ್ಬನಿ ಕೂತಿತ್ತು. ಕಾಗೆ ಇರಲಿಲ್ಲ. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಹಿಡಿದಂತೆ ಕೇಳುತ್ತಿತ್ತು.

ಹುಳುಗಳು ಬಲಿತು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ಅಗಲ ತಟ್ಟೆಯ ತುಂಬ ಬಂಗಾರದ ಬಣ್ಣದ ಗೂಡು ಕಟ್ಟಿದವು. ಗಂಡಹೆಂಡಿರು ಆ ಚಂದ್ರಿಕೆಯನ್ನು ಹೊತ್ತು ನಡುಬೀದಿಯಲ್ಲೇ ಮೆರವಣಿಗೆ ಹೊರಟರು. ನಕ್ಕವರೆಲ್ಲ ಬಾಗಿಲಿಗೆ ಬಂದು ಕಣ್ಣರಳಿಸಿ ನಿಂತರು. ವರ್ತಕ ಮೆಲ್ಲಗೆ ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತಿದ್ದ.

"ಬಾಗಿಲು ಯಾಕಣ್ಣ ಹಾಕ್ತೀರಿ?" ರೈತನ ಹೆಂಡತಿ ಕೂಗಿದಳು. "ಕ್ಷೌರದವನನ್ನ ಜೊತೇಲೇ ಕರ್ಕೊಂಡು ಬಂದಿದ್ದೀವಿ!"

ಶಿವನಂಜ ತೊಡೆ ತಟ್ಟಿಕೊಂಡು ನಕ್ಕ. ಗುರುಗಳೂ ನಕ್ಕರು. ಎಂಥ ಕತೆ! ಇದನ್ನು ಈಗಲೇ ಜಗಲಿಯವರಿಗೆ ಹೇಳಬೇಕು ಎಂದು ಅವನು ದಡಬಡಿಸಿ ಎದ್ದ.

"ಹೋಗು ಶಿವನಂಜ," ಎಂದರು ಗುರುಗಳು, "ನಿನ್ನ ಕಾಗೆಗಳು ಕಾಯುತ್ತಿವೆ."

ಹೊಸಿಲ ಮೇಲಿಟ್ಟ ಕಾಲು ಅಲ್ಲೇ ನಿಂತಿತು. ತೆರೆದ ಬಾಯಿ ಮುಚ್ಚಿತು.