ಹಗ್ಗ ಹಿಡಿದವನ ದನಿ

"ಬುದ್ಧಿ, ಅಳುವವನ ಅಳು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ.

ಅವನ ತಂಗಿ ನೀಲಮ್ಮನ ಕೈಯನ್ನು ಅವಳ ಗಂಡ ಎರಡು ಸಲ ಮುರಿದಿದ್ದ. ಎರಡು ಸಲವೂ ಬಂದು, ಅತ್ತು, ಕರೆದುಕೊಂಡು ಹೋಗಿದ್ದ. ಈಗ ಅವಳು ಮತ್ತೆ ತವರಿಗೆ ಓಡಿಬಂದಿದ್ದಾಳೆ, ಅವನೂ ಮತ್ತೆ ಬಂದು ಜಗಲಿಯ ಮೇಲೆ ಕೂತಿದ್ದಾನೆ. ಮೊದಲು ಗಳಗಳ ಅತ್ತ. ಮುಖ ಒರೆಸಿಕೊಂಡವನೇ ತಮಾಷೆಗೆ ಶುರುವಿಟ್ಟುಕೊಂಡ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಅವ್ವನಂತೂ ಅಳಿಯನಿಗೆಂದು ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದಾಳೆ. "ಅಣ್ಣಾ, ತಪ್ಪು ನನ್ನದೇ ಇರಬಹುದೇನೋ. ಹೋಗಲೋ ಬೇಡವೋ, ನೀನೇ ಹೇಳಿಬಿಡು" ಎಂದಿದ್ದಳು ನೀಲಮ್ಮ. ಏನು ಹೇಳಬೇಕೋ ತೋಚದೆ ಮರುಳಯ್ಯ ಮಠಕ್ಕೆ ಬಂದಿದ್ದ.

ಗುರುಗಳು ಅವನನ್ನು ಕೂರಿಸಿ ಹೇಳಿದರು:

ಬಾವಿಯ ಹೂಳು ತೆಗೆಯುವವನೊಬ್ಬನಿದ್ದ. ಅವನಿಗೊಬ್ಬ ಜೊತೆಗಾರ. ಇವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವನು, ಅವನು ಮೇಲೆ ಹಗ್ಗ ಹಿಡಿದು ನಿಲ್ಲುವನು. ಆ ಕಸುಬಿನಲ್ಲಿ ಒಂದು ಪದ್ಧತಿ. ಕೆಳಗಿನವನು ಆಗಾಗ "ಓ" ಎನ್ನಬೇಕು, ಮೇಲಿನವನು "ಓ" ಎಂದು ದನಿಗೊಡಬೇಕು. ದನಿ ಬಂತೆಂದರೆ ಹಗ್ಗ ಕೈಯಲ್ಲಿದೆ ಎಂದೇ ಲೆಕ್ಕ.

ಒಂದು ದಿನ ಹಗ್ಗ ಸಡಿಲಿತು. ಹೂಳಿನವನು ಬಿದ್ದು ಪಕ್ಕೆಲುಬು ಮುರಿದುಕೊಂಡ. ಜೊತೆಗಾರ ಅವನ ಕಾಲು ಹಿಡಿದು ಅತ್ತ, ತಾಯಾಣೆ ಇಟ್ಟ, ಕೈಯಾರೆ ಗಂಜಿ ಕುಡಿಸಿದ. ಅದೇ ಸಂಜೆ ಅರಳಿಕಟ್ಟೆಯಲ್ಲಿ ಇವನು ಬಿದ್ದದ್ದನ್ನು ಅಭಿನಯಿಸಿ ತೋರಿಸಿದ. "ಕಪ್ಪೆ ಹಾಗೆ ಕಾಲು ಅಗಲಿಸಿದರೆ ಹಗ್ಗ ಏನು ಮಾಡೀತು ಸ್ವಾಮಿ?" ಎಂದು ಊರನ್ನೇ ನಗಿಸಿದ. ಆ ಮಾತು ಹೂಳಿನವನ ಕಿವಿಗೂ ಬಿತ್ತು. ಹೌದೇನೋ, ನಾನೇ ಕಾಲು ತಪ್ಪಿಟ್ಟೆನೇನೋ ಎಂದುಕೊಂಡ.

ಇನ್ನೊಂದು ದಿನ ಮತ್ತೆ ಬಿದ್ದ. ಭುಜ ಜಾರಿತು. ಮತ್ತದೇ ಅಳು, ಅದೇ ಆಣೆ, ಅದೇ ಗಂಜಿ.

"ಸಾಕು ಅವನ ಸಹವಾಸ. ಬೇರೆ ಯಾರನ್ನಾದರೂ ಕರೆದುಕೊಳ್ಳಿ" ಎಂದಳು ಹೆಂಡತಿ.

"ಅಳುವಾಗ ನೋಡಿದರೆ ಇವನಂಥ ಒಳ್ಳೆಯವನಿಲ್ಲ ಅನ್ನಿಸುತ್ತದೆ, ನಗುವಾಗ ನೋಡಿದರೆ ಇವನಂಥ ಕೆಟ್ಟವನಿಲ್ಲ ಅನ್ನಿಸುತ್ತದೆ. ನನಗಂತೂ ತಲೆಯೇ ಓಡುತ್ತಿಲ್ಲ ಕಣೇ. ಇನ್ನೊಂದೇ ಸಲ ಇಳಿಯುತ್ತೇನೆ. ಅವನು ಎಂಥವನೆಂದು ಗೊತ್ತಾಗಿಬಿಡಲಿ."

ಇಳಿದ. "ಓ" ಎಂದ. ಮೇಲಿನಿಂದ "ಓ" ಬಂತು. ಮತ್ತೆ ಕೂಗಿದ, ಮತ್ತೆ ಬಂತು. ಎಂದಿಗಿಂತ ಇಂಪಾಗಿ ಬಂತು. ಆ ನಂಬಿಕೆಯ ಮೇಲೆ ಹಗ್ಗಕ್ಕೆ ಭಾರ ಬಿಟ್ಟ.

ತಳಕ್ಕೆ ಬಿದ್ದವನನ್ನು ನೀರಿಗೆ ಬಂದ ಹೆಂಗಸರು ಮೇಲಕ್ಕೆ ಎಳೆದರು. ಅವರು ಬಂದಾಗ ಹಗ್ಗದ ತುದಿ ನೆಲದ ಮೇಲೆ ಬಿದ್ದಿತ್ತು. ಜೊತೆಗಾರ ಹುಣಸೆಮರದ ನೆರಳಲ್ಲಿ ಚೌಕಾಬಾರ ಆಡುತ್ತಿದ್ದ.

"ಹಗ್ಗ ಬಿಟ್ಟೆಯಲ್ಲೋ!" ಎಂದ ಹೂಳಿನವನು.

"ಕೂಗಿದಾಗಲೆಲ್ಲ ಓ ಅಂದೆನಲ್ಲ ಮಾರಾಯ, ಇನ್ನೇನು ಬೇಕಿತ್ತು ನಿನಗೆ?" ಎಂದ ಜೊತೆಗಾರ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನಿಜಕ್ಕೂ ಅರ್ಥವಾಗದವನಂತೆ ನೋಡಿದ. ಆಮೇಲೆ ಕಾಯಿ ನಡೆಸಿದ.

ಹೂಳಿನವನ ಸೊಂಟ ಮತ್ತೆ ನೆಟ್ಟಗಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಗೊಂದಲ ಇನ್ನಷ್ಟು ಹೆಚ್ಚಿತು.

"ಆದರೆ ಬುದ್ಧಿ, ಅವನು ಅತ್ತದ್ದು ನಿಜವೋ ಸುಳ್ಳೋ ನೀವು ಹೇಳಲೇ ಇಲ್ಲ. ನಮ್ಮ ಭಾವನದೂ ಹಾಗೇ ಆಗಿದೆ. ಇದೊಂದು ಸಲ ತಂಗಿಯನ್ನು ಕಳಿಸಿ ನೋಡಿದರೆ ತಿಳಿದೀತಲ್ಲವೇ?"

"ಅದನ್ನು ತಿಳಿಯುವುದಕ್ಕೆಂದೇ ಅಲ್ಲವೇ ಮರುಳಯ್ಯ, ಹೂಳಿನವನು ಮೂರನೆಯ ಸಲ ಇಳಿದದ್ದು?"