ಅರಿಶಿನ ಹಚ್ಚಿದ ಲಕೋಟೆ

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಮಠವಿದೆ. ಅಲ್ಲಿಯ ಹಿರಿಯ ಸ್ವಾಮಿಗಳನ್ನು ಸುತ್ತಿನ ಜನ ಹೆಸರು ಹಿಡಿದು ಕರೆಯುವುದಿಲ್ಲ. ಬುದ್ಧಿ ಎನ್ನುತ್ತಾರೆ.

ಆ ಮಠದ ಅನ್ನ ಉಂಡು ಓದಿದವನು ಶಿವಮಲ್ಲು. ದೊಡ್ಡವನಾಗಿ ಪೇಟೆಯ ಬಣ್ಣದಂಗಡಿಯಲ್ಲಿ ಹತ್ತು ವರ್ಷ ದುಡಿದ. ಆಮೇಲೆ ಅದನ್ನು ಬಿಟ್ಟು ಮನೆ ವ್ಯಾಪಾರಕ್ಕೆ ಇಳಿದ.

ಕೈಯಲ್ಲಿ ಬಂಡವಾಳವಿಲ್ಲದವನು ಮಾಡುವ ವ್ಯಾಪಾರ ಅದು. ಮನೆ ಮಾರಲೇಬೇಕು ಅನ್ನುವ ಮನಸ್ಸಿರುವವರನ್ನು ಹುಡುಕಬೇಕು. ಇಷ್ಟಕ್ಕೆ ಕೊಡುತ್ತೇವೆ ಎಂದು ಅವರಿಂದ ಕರಾರು ಬರೆಸಿಕೊಳ್ಳಬೇಕು. ಆ ಕರಾರನ್ನು ಹೆಚ್ಚಿನ ಬೆಲೆಗೆ ಕೊಳ್ಳುವವನ ಕೈಗೆ ದಾಟಿಸಬೇಕು. ನಡುವೆ ಉಳಿದದ್ದು ತನ್ನದು.

ಮಾರುವವರು ಹಣೆಯ ಮೇಲೆ ಬರೆದುಕೊಂಡು ತಿರುಗುವುದಿಲ್ಲವಲ್ಲ. ಅವರನ್ನು ಹುಡುಕಲು ಶಿವಮಲ್ಲು ಅಂಚೆಯನ್ನು ನಂಬಿದ. ಇನ್ನೂರು ಕಾಗದ ಅಚ್ಚು ಹಾಕಿಸಿ ಪೇಟೆಯ ಬೀದಿಬೀದಿಗೆ ಕಳಿಸಿದ. ಒಂದಕ್ಕೂ ಉತ್ತರ ಬರಲಿಲ್ಲ.

ಶಿವರಾತ್ರಿಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಮಾರುವವರು ಒಬ್ಬರೂ ಸಿಗದಿದ್ದರೆ ಭಾವನ ಅಕ್ಕಿ ಗಿರಣಿಗೆ ಮೂಟೆ ತೂಗಲು ಹೋಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ದೀಪಾವಳಿ ಆಗಲೇ ಕಳೆದಿತ್ತು.

ಒಂದು ಬೆಳಿಗ್ಗೆ ಮಠಕ್ಕೆ ಬಂದ. ಬುದ್ಧಿ ನದಿಯ ಮೆಟ್ಟಿಲ ಮೇಲೆ ಕೂತು ವಿಭೂತಿಯ ಗಟ್ಟಿ ಕಟ್ಟುತ್ತಿದ್ದರು.

"ಅಡ್ಡಬಿದ್ದೆ ಬುದ್ಧಿ."

"ಏಳಪ್ಪ. ಮುಖ ಯಾಕೆ ಹಂಗಿದೆ?"

"ಇನ್ನೂರು ಮನೆಗೆ ಕಾಗದ ಹಾಕಿದೆ. ಒಬ್ಬರೂ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಯಾಕೆ ಅಂತ ತಿಳೀತಿಲ್ಲ."

"ಒಂದು ಕೊಡು ಇಲ್ಲಿ."

ಕೊಟ್ಟ. ಬುದ್ಧಿ ಅದನ್ನು ಬಿಡಿಸಲಿಲ್ಲ. ಮಡಿಚಿದ್ದಂತೆಯೇ ನೆಲದ ಮೇಲಿಟ್ಟು, ಅದರ ಮೇಲೆ ಒದ್ದೆ ಗಟ್ಟಿಯೊಂದನ್ನು ಒಣಗಲು ಇಟ್ಟರು.

"ಓದಲೇ ಇಲ್ಲವಲ್ಲ ಬುದ್ಧಿ!"

"ಓದಬೇಕು ಅನ್ನಿಸಲಿಲ್ಲ ಕಣಪ್ಪ."

ಶಿವಮಲ್ಲು ಅದರಿಂದ ತನಗೆ ಬೇಕಾದಷ್ಟನ್ನು ತಿಳಿದುಕೊಂಡ. ಕೈಗೆ ಬಂದ ಕೂಡಲೇ ಒಡೆದು ಓದುವಂತೆ ಕಾಗದ ಇರಬೇಕು. ಮಾರುವ ಕಾರಣ ಇರುವ ಮನೆಗೇ ಅದು ಹೋಗಬೇಕು.

ಮಠದ ಕಚೇರಿಯ ಗೋಡೆಯಲ್ಲಿ ಒಂದು ತಂತಿ. ಅದಕ್ಕೆ ಚುಚ್ಚಿದ ಕಾರ್ಡುಗಳು. ಮನೆಯಲ್ಲಿ ಯಾರಾದರೂ ಲಿಂಗೈಕ್ಯರಾದರೆ ಹನ್ನೊಂದನೆಯ ದಿನ ಶಿವಗಣಾರಾಧನೆ ಮಾಡುತ್ತಾರೆ. ಅದರ ಕಾರ್ಡು ಮೊದಲು ಮಠಕ್ಕೆ ಬರುತ್ತದೆ. ಕಾರ್ಡಿನಲ್ಲಿ ಹೋದವರ ಹೆಸರು, ಮನೆಯ ವಿಳಾಸ, ಮಕ್ಕಳ ಹೆಸರು ಎಲ್ಲ ಇರುತ್ತದೆ.

ಯಜಮಾನ ಹೋದ ಮನೆಯಲ್ಲಿ ಪಾಲಿನ ಮಾತು ಬಂದೇ ಬರುತ್ತದೆ ಎಂದು ಶಿವಮಲ್ಲು ಲೆಕ್ಕ ಹಾಕಿದ. ಯಾರನ್ನೂ ಕೇಳದೆ ನಲವತ್ತು ವಿಳಾಸ ಬರೆದುಕೊಂಡ.

ಇನ್ನು ಒಡೆದು ಓದುವ ಮಾತು. ನಮ್ಮ ಸೀಮೆಯಲ್ಲಿ ಶುಭದ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಾರೆ. ಅರಿಶಿನ ಕಂಡ ಲಕೋಟೆಯನ್ನು ಒಡೆಯದೆ ಎಸೆಯುವ ಮನೆ ಒಂದೂ ಇಲ್ಲ.

ನಲವತ್ತು ಲಕೋಟೆಯ ಮೂಲೆಮೂಲೆಗೂ ಅರಿಶಿನ ಹಚ್ಚಿದ. ಬಿಸಿಲಿಗೆ ಒಣಗಿಸಿ ಅಂಚೆಗೆ ಹಾಕಿದ.

ಎಲ್ಲರೂ ಒಡೆದರು. ಎಲ್ಲರೂ ಓದಿದರು. ಫೋನಿನಲ್ಲಿ ಬಂದದ್ದು ಬೈಗುಳ ಮಾತ್ರ. ಶಿವಮಲ್ಲು ಎದೆಗುಂದಲಿಲ್ಲ. ಕನಿಷ್ಠ ಓದಿದರಲ್ಲ ಎಂದುಕೊಂಡ.

ಅದನ್ನು ಹೇಳಿಕೊಳ್ಳೋಣವೆಂದು ಮತ್ತೆ ಮಠಕ್ಕೆ ಬಂದ. ಬುದ್ಧಿಯ ಪಕ್ಕದಲ್ಲಿ ಕೂತು ಗಟ್ಟಿ ಕಟ್ಟಲು ಕೈಹಾಕಿದ. ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಹೆಂಗಸು ಮೆಟ್ಟಿಲು ಇಳಿದು ಬಂದಳು. ಎಣ್ಣೆಗಾಣದ ಬೀದಿಯ ಗೌರಮ್ಮಣ್ಣಿ. ಗಂಡ ಹೋಗಿ ತಿಂಗಳಾಗಿರಲಿಲ್ಲ. ಕೈಯಲ್ಲಿ ಒಂದು ಲಕೋಟೆ. ಅದರ ಮೂಲೆಗಳು ಹಳದಿ.

"ಕೂತ್ಕೊ ತಾಯಿ. ಏನು ಬಂದದ್ದು?"

"ಬುದ್ಧಿ, ನಮ್ಮ ಚಿಕ್ಕ ಮಗಳನ್ನು ಒಂದು ಗಂಡಿನ ಕಡೆಯವರು ನೋಡಿ ಹೋಗಿದ್ದರು. ನಮ್ಮ ಯಜಮಾನರು ಹೋದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ದಿನಾ ಬಾಗಿಲು ನೋಡ್ತಿದ್ದೆವು. ಮೊನ್ನೆ ಈ ಲಕೋಟೆ ಬಂತು. ಅರಿಶಿನ ಕಂಡು, ಅವರೇ ಒಪ್ಪಿ ಬರೆದರು ಅಂದ್ಕೊಂಡೆ. ದೇವರ ಮುಂದೆ ಇಟ್ಟೆ. ದೀಪ ಹಚ್ಚಿದೆ. ಮಗಳ ಕೈಯಲ್ಲೇ ಒಡೆಸಿದೆ."

ಲಕೋಟೆಯನ್ನು ಬುದ್ಧಿಯ ಮುಂದೆ ಇಟ್ಟಳು.

ಬುದ್ಧಿ ಅದನ್ನು ಶಿವಮಲ್ಲುವಿನ ಕಡೆಗೆ ಸರಿಸಿದರು.

"ಓದಪ್ಪ. ನನ್ನ ಕಣ್ಣು ಮಂಜು."

ಶಿವಮಲ್ಲುವಿನ ಬೆರಳೆಲ್ಲ ಬೂದಿ. ಒರೆಸಿಕೊಂಡು ಕಾಗದ ಬಿಡಿಸಿದ. "ಮಾನ್ಯರೇ, ನಿಮ್ಮ ಮನೆ ಮಾರಾಟಕ್ಕಿದೆಯೇ? ನಾನು ತಕ್ಷಣ ಕೊಳ್ಳುವ ಏರ್ಪಾಡು..."

"ಜೋರಾಗಿ ಓದು. ತಾಯಿಗೆ ಕೇಳಿಸಲಿ."

ಓದಿದ. ಕೊನೆಯ ಸಾಲಿಗೆ ಬಂದು ನಿಲ್ಲಿಸಿದ.

"ಕೆಳಗೆ ಹೆಸರಿದೆಯಲ್ಲ, ಅದು?"

"ಶಿವಮಲ್ಲು, ಬುದ್ಧಿ."

ಗೌರಮ್ಮಣ್ಣಿ ಕಣ್ಣು ಒರೆಸಿಕೊಂಡಳು. "ಯಾವ ಶಿವಮಲ್ಲು ಅವನು? ನಮ್ಮ ವಿಳಾಸ ಅವನಿಗೆ ಕೊಟ್ಟವರು ಯಾರು? 'ಲಿಂಗೈಕ್ಯ' ಅಂತ ನಾವು ಕಾರ್ಡಿನಲ್ಲಿ ಹಾಕಿಸಿದ್ದು ಲಕೋಟೆ ಮೇಲೂ ಹಂಗೇ ಇದೆ."

ಶಿವಮಲ್ಲು ಕಾಗದವನ್ನು ಮಡಿಚಿ ಲಕೋಟೆಯೊಳಗೆ ಹಾಕಿದ.

"ನಾನೇ ಅವ್ವ," ಎಂದ ಶಿವಮಲ್ಲು.

ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಏನಪ್ಪ, ನಮ್ಮನೆ ಒಲೆಯಿಂದ ಅನ್ನ ಇಳಿಯೋದಕ್ಕೆ ಮುಂಚೆ ಎಲೆ ಹಾಕ್ಕೊಂಡು ಕೂತಿದ್ದೀಯ? ಹಸಿವು ಜಾಸ್ತಿ ಕಣೋ ನಿನಗೆ."

ಎದ್ದು ಬುದ್ಧಿಗೆ ಕೈಮುಗಿದು ಹೋದಳು. ಲಕೋಟೆ ಅಲ್ಲೇ ಉಳಿಯಿತು.

ಶಿವಮಲ್ಲು ಅದರ ಮೂಲೆಯ ಅರಿಶಿನವನ್ನು ಬೆರಳಿನಿಂದ ಒರೆಸಿದ.

"ಈ ಕಸುಬು ಬಿಟ್ಟುಬಿಡ್ತೀನಿ ಬುದ್ಧಿ. ನಾಳೆಯೇ ಗಿರಣಿಗೆ ಹೋಗ್ತೀನಿ."

"ಬಿಡು ಅಂತ ಯಾರು ಹೇಳಿದರು? ಒಂದು ವಾಪಸು ಬಂದಿದೆ. ಇನ್ನು ಮೂವತ್ತೊಂಬತ್ತು ಇವೆ. ಹೋಗಿ ತಗೊಂಡು ಬಾ."

"ಅಂಚೆಯಲ್ಲಿ ಕ್ಷಮಾಪಣೆ ಬರೆದು ಹಾಕಲಾ?"

"ಕಾಲಿಲ್ಲವಾ ನಿನಗೆ? ಬಾಗಿಲಿಗೆ ಹೋಗಿ ನಿಲ್ಲು. ನನ್ನ ಕಾಗದ ಕೊಡಿ ಅಂತ ಕೇಳು. ಕೂರು ಅಂದರೆ ಕೂರು. ಬೈದರೆ ಬೈಸಿಕೊ. ಮಾರೋ ಕೊಳ್ಳೋ ಮಾತು ನಿನ್ನ ಬಾಯಿಂದ ಬರಕೂಡದು."

ಮಾರನೆಯ ದಿನ ಶಿವಮಲ್ಲು ಹೊರಟ. ಬೆಳಿಗ್ಗೆ ಮೂರು ಮನೆ, ಸಂಜೆ ಎರಡು. ಕೆಲವರು ಹೊಸಲಿನ ಹೊರಗೇ ನಿಲ್ಲಿಸಿ ಬೈದರು. ಒಬ್ಬರು ಮಜ್ಜಿಗೆ ಕೊಟ್ಟು ಬೈದರು. ಒಬ್ಬ ಮುದುಕ ಅವನನ್ನು ಕೂರಿಸಿಕೊಂಡು, ಹೋದ ಹೆಂಡತಿಯ ಕಥೆಯನ್ನು ಮಧ್ಯಾಹ್ನದವರೆಗೆ ಹೇಳಿದ. ಹೊರಡುವಾಗ, "ನಾಳೆ ಬಂದರೆ ಮಿಕ್ಕದ್ದು ಹೇಳ್ತೀನಿ" ಎಂದ.

ಶಿವಮಲ್ಲು ಮಾರನೆಯ ದಿನವೂ ಹೋದ.

ಹತ್ತು ದಿನ ಕಳೆದು ಮಠಕ್ಕೆ ಬಂದ. ಚೀಲದಿಂದ ಲಕೋಟೆಗಳನ್ನು ತೆಗೆದು ಬುದ್ಧಿಯ ಮುಂದೆ ಇಟ್ಟ.

"ಎಲ್ಲ ಬಂದವಾ?"

"ಆರು ಕಡಿಮೆ ಬುದ್ಧಿ. ಎರಡು ಒಲೆಗೆ ಹೋಗಿವೆ. ಮೂರು ಮನೆಗೆ ಬೀಗ. ಇನ್ನೊಂದನ್ನು ಒಂದು ಅಜ್ಜಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದೆ. ಕೇಸು ಹಾಕುವಾಗ ಸಾಕ್ಷಿಗೆ ಬೇಕಂತೆ."

ಬುದ್ಧಿಗೆ ನಗು ಬಂತು. "ಬೀಗದ ಮನೆಗೆ ಮತ್ತೆ ಹೋಗು. ಅಜ್ಜಿಗೂ ಇನ್ನೊಂದು ಸಲ ಮುಖ ತೋರಿಸು. ಹೋಗಲಿ, ಮಾರೋರು ಯಾರಾದರೂ ಇದ್ದಾರಾ?"

"ನಾನು ಕೇಳಲಿಲ್ಲ ಬುದ್ಧಿ."

"ನೀನು ಕೇಳಲಿಲ್ಲ. ಅವರು ಹೇಳಲಿಲ್ಲವಾ?"

ಹೇಳಿದ್ದರು. ಹನ್ನೊಂದು ಮನೆಯವರು ತಾವಾಗಿಯೇ ಹೇಳಿಕೊಂಡಿದ್ದರು. ಒಂದು ಮನೆಯ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಯಾರನ್ನು ಕೇಳಬೇಕೋ ಗೊತ್ತಿಲ್ಲ. ಇನ್ನೊಂದರಲ್ಲಿ ಅರ್ಧ ಕಟ್ಟಿದ ಗೋಡೆ ಹಾಗೆಯೇ ನಿಂತಿದೆ.

"ಒಂದು ಮನೆಯದು ಮಾತ್ರ ಮನಸ್ಸಿನಿಂದ ಹೋಗ್ತಿಲ್ಲ ಬುದ್ಧಿ. ಅಣ್ಣ ಪರಶಿವಪ್ಪ, ತಮ್ಮ ಕೆಂಪಣ್ಣ. ತಾಯಿ ಹೋದ ಮೇಲೆ ನಡುಮನೆಗೆ ತಟ್ಟಿ ಕಟ್ಟಿಕೊಂಡು ಆ ಕಡೆ ಒಬ್ಬ, ಈ ಕಡೆ ಒಬ್ಬ. ಮಾತಿಲ್ಲ. ಮುಂಬಾಗಿಲಿಗೆ ಹೋದರೆ ಅಣ್ಣ ಹೇಳ್ತಾನೆ, ಮಾರಿ ಹಂಚಿಕೊಳ್ಳೋದೇ ಸರಿ, ಆದರೆ ನಾನು ಬಾಯಿ ಬಿಟ್ಟರೆ ಅವ್ವನ ಮನೆ ಮಾರಿಸಿದವನು ನಾನಾಗ್ತೀನಿ ಅಂತ. ಹಿತ್ತಲ ಬಾಗಿಲಿಗೆ ಹೋದರೆ ತಮ್ಮನೂ ಅದೇ ಮಾತು."

"ಹಾಗಾದರೆ ಮೊದಲು ಬಾಯಿ ಬಿಟ್ಟವನು ಅನ್ನುವ ಕೆಟ್ಟ ಹೆಸರು ಯಾರು ಹೊರಬೇಕು?"

ಶಿವಮಲ್ಲು ನದಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

"ನಾನು ಹೊರಬಹುದು ಬುದ್ಧಿ."

"ಹಾಗಿದ್ದರೆ ಬರೆ."

ಅಚ್ಚಿನ ಕಾಗದವಲ್ಲ, ಕೈಯಲ್ಲೇ ಬರೆದ. ಅಣ್ಣನಿಗೊಂದು, ತಮ್ಮನಿಗೊಂದು. ಎರಡರಲ್ಲೂ ಒಂದೇ ಮಾತು.

"ನಿಮ್ಮಿಬ್ಬರಿಗೂ ಇದೇ ಕಾಗದವನ್ನು ಇದೇ ದಿನ ಹಾಕಿದ್ದೇನೆ. ಮನೆ ಮಾರುವ ಮಾತನ್ನು ಮೊದಲು ಎತ್ತಿದವನು ನಾನು, ನೀವಲ್ಲ. ಯಾರು ಕೇಳಿದರೂ ಹಾಗೆಂದೇ ಹೇಳಿ. ಮನಸ್ಸಿದ್ದರೆ ತಿಳಿಸಿ. ಇಲ್ಲದಿದ್ದರೆ ಹರಿದು ಹಾಕಿ."

ಉಳಿದ ಹತ್ತು ಮನೆಗೂ ಆಯಾ ಮನೆಯ ಸಂಗತಿ ನೋಡಿ ಬರೆದ. ಖಾತೆಯ ತೊಂದರೆಯವರಿಗೆ, ಕಚೇರಿಯಲ್ಲಿ ಯಾರನ್ನು ಕಾಣಬೇಕು, ಯಾವ ಕಾಗದ ಒಯ್ಯಬೇಕು ಎಂಬುದಷ್ಟೇ ಇತ್ತು.

"ಮೂಲೆಗೆ ಏನೂ ಬೇಡ ತಾನೇ ಬುದ್ಧಿ?"

ಬುದ್ಧಿ ಅವನನ್ನೇ ನೋಡಿದರು.

"ನಿನ್ನ ಹೆಸರು ಹೊರಗೇ ಬರೆ. ಬೇಡದವರು ಒಡೆಯದೇ ಎಸೆಯಲಿ."

ಹಾಗೇ ಮಾಡಿದ. ಹದಿನೈದು ದಿನ ಕಾದ. ಉತ್ತರ ಬರಲಿಲ್ಲ.

"ಬರಲಿಲ್ಲ ಬುದ್ಧಿ."

"ಮತ್ತೆ ಬರೆ."

ಮತ್ತೆ ಬರೆದ. ಸಂಕ್ರಾಂತಿ ಆಯಿತು. ಖಾತೆಯ ಮನೆಯವರು ದಾರಿಯಲ್ಲಿ ಸಿಕ್ಕಿ, ಕೆಲಸ ಆಯಿತಪ್ಪ ಎಂದು ಕೈಮುಗಿದರು. ಮಾರುವ ಮಾತು ಆಡಲಿಲ್ಲ.

"ಊರಿನವರ ಖಾತೆ ಎಲ್ಲ ಮಾಡಿಸಿ ಕೊಡಿ. ಗಿರಣಿಯಲ್ಲಿ ತಕ್ಕಡಿ ನಿಮ್ಮ ದಾರಿ ಕಾಯ್ತಾ ಕೂತಿದೆ," ಎಂದಳು ಹೆಂಡತಿ.

"ಶಿವರಾತ್ರಿ ಇನ್ನೂ ಬಂದಿಲ್ಲ," ಎಂದ ಶಿವಮಲ್ಲು.

ಮೂರನೆಯ ಸಲ ಬರೆದ. ಅಂಚೆಯವನು ಬೀದಿಯ ತುದಿಯಲ್ಲಿ ಕಂಡಾಗಲೇ ಎದ್ದು ನಿಲ್ಲುತ್ತಿದ್ದ. ಅಂಚೆಯವನು ಸೈಕಲ್ಲಿನಿಂದ ಇಳಿಯದೆ ತಲೆಯಾಡಿಸಿ ಹೋಗುತ್ತಿದ್ದ.

ನಾಲ್ಕನೆಯ ಸಲ ಬರೆಯಲು ಕೂತಾಗ ಕೈ ತಡೆಯಿತು. ಆಮೇಲೆ ಮುಂಬಾಗಿಲಿನ ಅಣ್ಣ ನೆನಪಾದ, ಹಿತ್ತಲ ಬಾಗಿಲಿನ ತಮ್ಮ ನೆನಪಾದ. ಇವರಲ್ಲಿ ಒಬ್ಬರಾದರೂ ನನ್ನ ಕಾಗದ ಕಾಯುತ್ತಿರಬಹುದು ಎನ್ನಿಸಿತು. ಬರೆದು ಮುಗಿಸಿ, ಅಂಚೆ ಡಬ್ಬಿಗೆ ಹಾಕಿ, ಕೈಮುಗಿದು ಬಂದ.

ಶಿವರಾತ್ರಿಗೆ ಎರಡು ದಿನ ಉಳಿದಿತ್ತು. ಅಂಚೆಯವನು ಅಂದು ಸೈಕಲ್ಲಿನಿಂದ ಇಳಿದ.

ಶಿವಮಲ್ಲು ಮಠದವರೆಗೆ ಓಡಿಯೇ ಬಂದ. ಬುದ್ಧಿ ಆಗ ತಾನೇ ಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದರು.

"ಬುದ್ಧಿ, ಬಂತು! ಒಂದೇ ಕಾರ್ಡು, ಅಣ್ಣಂದೂ ಸಹಿ, ತಮ್ಮಂದೂ ಸಹಿ!"

"ಉಸಿರು ತಗೊ. ಏನು ಬರೆದಿದ್ದಾರೆ?"

ಶಿವಮಲ್ಲು ಓದಿದ. "ನಾಲ್ಕು ಸಲ ಬರೆದಿರಿ. ನಾಲ್ಕನೆಯ ಕಾಗದ ಬಂದ ದಿನ ತಟ್ಟಿ ತೆಗೆದು ಒಟ್ಟಿಗೆ ಕೂತು ಓದಿದೆವು. ಮನೆ ಕೊಡುತ್ತೇವೆ. ನಮಗೆ ಬೆಲೆ ಕಟ್ಟಲು ಬರುವುದಿಲ್ಲ. ಬೇರೆ ಯಾರನ್ನೂ ಕೇಳಿಲ್ಲ. ನೀವು ಹೇಳಿದಷ್ಟಕ್ಕೆ ಕರಾರು ಬರೆಯಿರಿ, ಇಬ್ಬರೂ ಸಹಿ ಹಾಕುತ್ತೇವೆ."

"ಒಳ್ಳೇದಾಯಿತು."

"ಗಿರಣಿಗೆ ಹೋಗೋದು ತಪ್ಪಿತು ಬುದ್ಧಿ. ಆ ಬೀದಿಯಲ್ಲಿ ಜಾಗ ಬೇಕು ಅಂತ ಹುಡುಕುತ್ತಿರುವ ಅಂಗಡಿಯವರು ನನಗೆ ಗೊತ್ತು. ಎಷ್ಟಾದರೂ ಕೊಡ್ತಾರೆ. ಈ ಅಣ್ಣ ತಮ್ಮಂದಿರಿಗೆ ಪೇಟೆಯ ಬೆಲೆ ಏನೇನೂ ಗೊತ್ತಿಲ್ಲ. ನಾನು ಹೇಳಿದ್ದೇ ಬೆಲೆ. ಎಷ್ಟು ದಿನ ಹುಡುಕಿದೆ, ಕೊನೆಗೂ ಸಿಕ್ಕಿದರು!"

ಬುದ್ಧಿ ಕೈ ಚಾಚಿದರು. ಶಿವಮಲ್ಲು ಕಾರ್ಡು ಕೊಟ್ಟ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದರು. ಎರಡು ಸಹಿಯ ಮೇಲೂ ಬೆರಳಾಡಿಸಿದರು. ಆಮೇಲೆ ಅವನ ಕೈಗೆ ಹಿಂದಕ್ಕೆ ಕೊಟ್ಟರು.

"ನಿನಗೆ ಅವರು ಸಿಕ್ಕಿದರು, ಸರಿ. ಅವರಿಗೆ ಯಾರು ಸಿಕ್ಕಿದ್ದಾರೆ ಶಿವಮಲ್ಲು?"