ಯಾರ ಬೆರಳಿಗೆ ವೈಡೂರ್ಯ

"ಗುರುಗಳೇ, ಜ್ಯೇಷ್ಠಾ ನಕ್ಷತ್ರದ ಹೆಣ್ಣಿಗೆ ಯಾವ ಹರಳು ತೊಡಿಸಿದರೆ ದೋಷ ಹೋಗುತ್ತದೆ?"

ಕೇಳಿದವನು ಶಿಷ್ಯ ಚೆನ್ನವೀರ. ಊರಿಗೆ ಹೋದವನು ಆಗಷ್ಟೇ ಮಠಕ್ಕೆ ಮರಳಿದ್ದ. ಊರಿನಲ್ಲಿ ಅವನ ತಮ್ಮನಿಗೆ ಹೆಣ್ಣು ನೋಡಿದ್ದರು. ಹುಡುಗಿ ಎಲ್ಲರಿಗೂ ಒಪ್ಪಿಗೆಯಾಗಿದ್ದಳು, ಜಾತಕ ಬಿಚ್ಚುವವರೆಗೆ. ಜ್ಯೇಷ್ಠಾ ನಕ್ಷತ್ರದವಳು ಮನೆ ತುಂಬಿದರೆ ಗಂಡನ ಅಣ್ಣನಿಗೆ ಕಂಟಕ ಎಂದು ಜೋಯಿಸರು ಹೇಳಿದರು. ತಮ್ಮನಿಗೆ ಇದ್ದ ಅಣ್ಣ ಚೆನ್ನವೀರನೊಬ್ಬನೇ.

"ನನಗಾಗಿ ಕೇಳುತ್ತಿಲ್ಲ, ಮನೆಯವರ ಸಮಾಧಾನಕ್ಕೆ" ಎಂದು ಅವನು ಸೇರಿಸಿದ. ಹುಡುಗಿಯ ಬೆರಳಿನ ಅಳತೆಗೆ ಗಂಟು ಹಾಕಿದ ದಾರವನ್ನು ಗುರುಗಳ ಮುಂದಿಟ್ಟ. ಕಲ್ಲು ಯಾವುದೆಂದು ಹೇಳಿಬಿಟ್ಟರೆ ಅಕ್ಕಸಾಲಿಗೆ ಒಪ್ಪಿಸುವುದೊಂದೇ ಬಾಕಿ ಎಂದ.

ಗುರುಗಳು ದಾರವನ್ನು ಮುಟ್ಟಲಿಲ್ಲ. ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮಗನಿಗೆ ಗೊತ್ತಾದ ಹುಡುಗಿ ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ಇದೆ. ಅದನ್ನು ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಯಾವ ಸೊಸೆಯೂ ಹೇಳಿರಲಾರಳು.

ವ್ಯಾಪಾರಿ ಒಂದು ಷರತ್ತು ಹಾಕಿದ. ಆ ನಕ್ಷತ್ರದ ಒಡೆಯ ಕೇತು, ಕೇತುವಿನ ಕಲ್ಲು ವೈಡೂರ್ಯ. ಹುಡುಗಿ ವೈಡೂರ್ಯದ ಉಂಗುರ ತೊಟ್ಟೇ ಹೊಸಿಲು ದಾಟಬೇಕು, ತೊಟ್ಟ ಮೇಲೆ ಯಾವ ಕಾರಣಕ್ಕೂ ತೆಗೆಯಬಾರದು. ಹುಡುಗಿಯ ಮನೆಯವರು ಆಗಲಿ ಎಂದರು.

ವೈಡೂರ್ಯ ಬೆಕ್ಕಿನ ಕಣ್ಣಿನಂಥ ಕಲ್ಲು. ತಿರುಗಿಸಿದರೆ ಒಳಗೊಂದು ಬಿಳಿಯ ಗೆರೆ ಅತ್ತಿತ್ತ ಓಡಾಡುತ್ತದೆ. ತೊಡುವ ಮೊದಲು ತಲೆದಿಂಬಿನ ಕೆಳಗಿಟ್ಟು ಮಲಗಬೇಕು, ಕೆಟ್ಟ ಕನಸು ಬೀಳದಿದ್ದರೆ ಕಲ್ಲು ಒಪ್ಪಿತು ಎಂದು ತಿಳಿಯಬೇಕು ಎಂಬುದು ಪದ್ಧತಿ. ವ್ಯಾಪಾರಿ ಪದ್ಧತಿ ಬಿಡುವವನಲ್ಲ. ಕಲ್ಲನ್ನು ತನ್ನ ತಲೆದಿಂಬಿನ ಕೆಳಗೇ ಇಟ್ಟುಕೊಂಡು ಮಲಗಿದ. ಸೊಗಸಾದ ನಿದ್ದೆ ಬಂತು. ಬೆಳಿಗ್ಗೆ ಎದ್ದು, ಕಲ್ಲು ಸೊಸೆಗೆ ಒಪ್ಪಿದೆ ಎಂದು ಸಾರಿದ. ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಉಂಗುರದ ತಳ ತೆರೆದಿರಬೇಕು, ಕಲ್ಲು ಮೈಗೆ ತಾಗಬೇಕು, ಇಲ್ಲವಾದರೆ ಫಲವಿಲ್ಲ ಎನ್ನುತ್ತಾರೆ. ಅಕ್ಕಸಾಲಿ ಹಾಗೆಯೇ ಮಾಡಿಕೊಟ್ಟ. ಮದುವೆಯಾಯಿತು, ಸೊಸೆ ಬಂದಳು. ಹಿಟ್ಟು ನಾದಿದರೆ ಆ ಕಲ್ಲಿನ ಅಡಿಗೆ ಹಿಟ್ಟು ಸೇರುತ್ತಿತ್ತು, ಪಾತ್ರೆ ತಿಕ್ಕಿದರೆ ಬೂದಿ ಸೇರುತ್ತಿತ್ತು. ಉಂಗುರ ತೆಗೆದು ಬೆರಳು ತೊಳೆಯುವ ಹಾಗಿರಲಿಲ್ಲ. ಬೆರಳು ಹುಣ್ಣಾಯಿತು. ಅವಳು ಅದಕ್ಕೆ ಅರಿಸಿನ ಹಚ್ಚಿಕೊಂಡು ಕೆಲಸ ಮಾಡಿದಳು.

ಪ್ರತಿದಿನ ಬೆಳಿಗ್ಗೆ ಮಾವನಿಗೆ ಹಾಲು ತಂದುಕೊಡುವವಳು ಅವಳೇ. ಅವನು ಲೋಟ ತೆಗೆದುಕೊಳ್ಳುವ ಮೊದಲು ಅವಳ ಬೆರಳು ನೋಡುತ್ತಿದ್ದ. ಉಂಗುರ ಕಂಡರೆ ಹಾಲು ಕುಡಿಯುತ್ತಿದ್ದ. ಅದಕ್ಕಿಂತ ಮೇಲೆ ಅವನ ಕಣ್ಣು ಏಳುತ್ತಿರಲಿಲ್ಲ.

ಆ ವರ್ಷ ಬೆಲ್ಲದ ವ್ಯಾಪಾರ ಕುದುರಿತು. ಕಲ್ಲಿನ ಮಹಿಮೆ ಎಂದರು. ಮರುವರ್ಷ ವ್ಯಾಪಾರಿ ತಾನೇ ಚೆಲ್ಲಿದ ನೀರಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ. ಸೊಸೆಯ ನಕ್ಷತ್ರ ಎಂದರು. ಒಳ್ಳೆಯದಾದರೆ ಕಲ್ಲಿನದು, ಕೆಟ್ಟದ್ದಾದರೆ ಅವಳದು. ಕೇಳಿ ಕೇಳಿ ಅವಳಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು.

ಜೋಯಿಸರನ್ನು ಕರೆಸಿದರು. ಕಲ್ಲು ಸಣ್ಣದಾಯಿತು, ದೊಡ್ಡದು ಬೇಕು ಎಂದರು ಜೋಯಿಸರು. ಅದಕ್ಕೂ ದೋಷ ಬಗ್ಗದಿದ್ದರೆ ಹುಡುಗಿಯನ್ನು ತವರಿಗೆ ಕಳಿಸಿಬಿಡುವುದೇ ಪರಿಹಾರ ಎಂದೂ ಹೇಳಿದರು. ಗಂಡ ನೆಲ ನೋಡುತ್ತ ನಿಂತಿದ್ದ. ಅವಳು ಅವನತ್ತ ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ.

ದೊಡ್ಡ ಕಲ್ಲಿನ ಉಂಗುರ ಬಂತು. ಜೋಯಿಸರು ಅದನ್ನು ಅಂಗೈಯಲ್ಲಿಟ್ಟುಕೊಂಡು ವೈಡೂರ್ಯ ಹುಟ್ಟಿದ ಕತೆ ಹೇಳಿದರು. ಹಿಂದೆ ಒಬ್ಬ ಅಸುರನಿದ್ದನಂತೆ. ನಮ್ಮ ಯಜ್ಞಕ್ಕೆ ನೀನೇ ಪಶುವಾಗು ಎಂದು ದೇವತೆಗಳು ಅವನನ್ನು ಬೇಡಿದರಂತೆ. ಅವನು ಒಪ್ಪಿದ. ಅವನ ಮೈಯ ಒಂದೊಂದು ಭಾಗ ಒಂದೊಂದು ರತ್ನವಾಯಿತು. ಸಾಯುವಾಗ ಅವನು ಕೂಗಿದ ಕೂಗೇ ವೈಡೂರ್ಯವಾಯಿತು. "ತ್ಯಾಗದಿಂದ ಹುಟ್ಟಿದ ಕಲ್ಲು ಇದು, ತಾಯಿ, ಕೈ ನೀಡು" ಎಂದರು.

ಸೊಸೆ ಕೈ ನೀಡಲಿಲ್ಲ.

"ಆ ಅಸುರನನ್ನಾದರೂ ಕೇಳಿದರಲ್ಲ ಜೋಯಿಸರೇ. ನನ್ನನ್ನು ಯಾರು ಕೇಳಿದರು?" ಎಂದಳು.

ಹಾಗೆಂದವಳೇ ಹಳೆಯ ಉಂಗುರವನ್ನು ಎಳೆದು ತೆಗೆದಳು. ಚರ್ಮ ಕಿತ್ತು ಬಂತು. ಜೋಯಿಸರ ಅಂಗೈಯಿಂದ ಹೊಸ ಉಂಗುರವನ್ನೂ ಎತ್ತಿಕೊಂಡು, ಎರಡನ್ನೂ ಮಾವನ ಮಂಚದ ಮೇಲೆ ಇಟ್ಟಳು.

ಮಾವ ಹೌಹಾರಿದ. "ನನ್ನನ್ನು ಕೊಲ್ಲಬೇಕು ಅಂತಿದ್ದೀಯಾ?" ಎಂದು ಕೂಗಿದ.

"ನೀವು ಬದುಕಬೇಕು ಅಂತಲೇ ಕೊಡುತ್ತಿದ್ದೇನೆ ಮಾವ. ಹೆದರಿಕೆ ನಿಮ್ಮದು. ಉಳಿಯಬೇಕಾದ ಜೀವ ನಿಮ್ಮದು. ತಲೆದಿಂಬಿನ ಕೆಳಗಿಟ್ಟುಕೊಂಡು ಪರೀಕ್ಷೆ ಮಾಡಿದವರೂ ನೀವೇ. ಬೆರಳು ಮಾತ್ರ ನನ್ನದು ಯಾಕೆ? ನೀವೇ ತೊಟ್ಟುಕೊಳ್ಳಿ. ಈ ಮನೆಯಲ್ಲಿ ಇದ್ದರೂ ನಾನು ಇದನ್ನು ತೊಡದೆ ಇರುತ್ತೇನೆ. ಹೋಗು ಅಂದರೂ ತೊಡದೆ ಹೋಗುತ್ತೇನೆ."

ವ್ಯಾಪಾರಿಗೆ ಸೊಸೆಯ ಮೇಲೆ ಎಷ್ಟು ಸಿಟ್ಟಿತ್ತೋ ಸಾವಿನ ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು. ದೊಡ್ಡ ಕಲ್ಲಿನ ಉಂಗುರ ಎತ್ತಿಕೊಂಡ. ಅವಳ ಅಳತೆಗೆ ಮಾಡಿದ್ದು ಅವನ ಕಿರುಬೆರಳಿಗೆ ಮಾತ್ರ ಹಿಡಿಸಿತು. ಒತ್ತಿ ಒತ್ತಿ ತೊಟ್ಟುಕೊಂಡ. ಅವಳಿಗೆ ಹೋಗು ಎನ್ನುವುದು ಅವನಿಗೆ ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಸೊಸೆ ಹಾಲು ತಂದಳು. ಲೋಟ ಕೊಡುವ ಮೊದಲು ಅವನ ಬೆರಳು ನೋಡಿದಳು. "ತೊಟ್ಟಿದ್ದೀರಿ ತಾನೇ, ಮಾವ?" ಎಂದಳು. ಅದರ ಮರುದಿನವೂ ಕೇಳಿದಳು. ಒಂದು ಬೆಳಿಗ್ಗೆಯೂ ಬಿಡಲಿಲ್ಲ. ಬೇಕೆಂದೇ ಕೇಳಿದಳು.

ಕಾಲು ಕೂಡಿತು, ವ್ಯಾಪಾರಿ ಅಂಗಡಿಗೆ ಹೋದ. ಬೆಲ್ಲ ಮುರಿದು ತೋರಿಸಿದಾಗಲೆಲ್ಲ ಕಲ್ಲಿನ ಅಡಿಗೆ ಅಂಟು ಸೇರಿತು, ಇರುವೆ ಮುತ್ತಿದವು. ತೆಗೆಯಲು ಧೈರ್ಯವಿಲ್ಲ. ಕಿರುಬೆರಳು ಊದಿಕೊಂಡು ಹುಣ್ಣಾಯಿತು. ಆಗ ಅವನಿಗೆ ಇನ್ನೊಂದು ಬೆರಳಿನ ನೆನಪು ಬಂತು. ಅದೂ ಹೀಗೇ ನೋಯುತ್ತಿತ್ತೇನೋ ಎಂಬ ಯೋಚನೆ ಬಂತು. ಅಂಥ ಯೋಚನೆ ಅವನಿಗೆ ಹೊಸದು.

ಒಂದು ಬೆಳಿಗ್ಗೆ ಸೊಸೆ ಹಾಲು ತಂದಾಗ ಅವನ ಬೆರಳಿನಲ್ಲಿ ಉಂಗುರ ಇರಲಿಲ್ಲ. ಅವಳು ಏನೂ ಕೇಳಲಿಲ್ಲ. ಅವನು ತಲೆಯೆತ್ತಿ ಅವಳ ಮುಖ ನೋಡಿದ. ಅವಳು ಆ ಮನೆಗೆ ಬಂದ ಮೇಲೆ ಅವನು ಅವಳ ಮುಖ ನೋಡಿದ್ದು ಅದೇ ಮೊದಲು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ ಇನ್ನೂ ಏನೋ ಇದೆ ಎಂಬಂತೆ ಕಾದ. ಕೊನೆಗೆ ತಡೆಯಲಾರದೆ ಕೇಳಿದ: "ಉಂಗುರ ತೆಗೆದ ಮೇಲೆ ಆ ಮಾವನಿಗೆ ಏನೂ ಆಗಲಿಲ್ಲವೇ?"

ಗುರುಗಳು ಮುಂದಿದ್ದ ದಾರವನ್ನು ಎತ್ತಿಕೊಂಡರು. ಹುಡುಗಿಯ ಅಳತೆಗೆ ಹಾಕಿದ್ದ ಗಂಟನ್ನು ಬಿಚ್ಚಿದರು.

"ಕೈ ಚಾಚು, ನಿನ್ನ ಬೆರಳಿನ ಅಳತೆ ತೆಗೆಯುತ್ತೇನೆ" ಎಂದರು.